ಕೈ ಎತ್ತಿದರೆ ನಿಲ್ಲುವ ಸೈಕಲ್

ಸೈಕಲ್ ತುಳಿಯುವವರಿಗೆ ವರ್ಷಕ್ಕೆ ನಾಲ್ಕು ಸಲ ಪಂಕ್ಚರ್ ಆದರೆ ಹೆಚ್ಚು. ಅವರಿಗೆ ಚಪ್ಪಾಳೆ ತಟ್ಟಲು ಹೋಗುವ ನನ್ನಂಥವನಿಗೆ ಮಾತ್ರ ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ನಾನು ರಿಟೈರಾದ ಕಂಡಕ್ಟರ್. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ಸವೆಸಿದ ಮೊಣಕಾಲು ಈಗ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹಾಗಾಗಿ ತಿಪಟೂರಿನ ನಮ್ಮ ಬೆಳಗಿನ ಸೈಕಲ್ ಬಳಗದಲ್ಲಿ ನಾನೊಬ್ಬನೇ ಸೈಕಲ್ ಇಲ್ಲದ ಸದಸ್ಯ. ಹಳೇ ಸ್ಕೂಟರಿನಲ್ಲಿ ಬಾಳೆಹಣ್ಣು, ನೀರು, ಗಾಳಿ ಪಂಪು ಹೇರಿಕೊಂಡು ಹಿಂದೆ ಮುಂದೆ ಓಡಾಡುವುದು, ‘ಬುಡಬೇಡಿ, ತುಳೀರಿ’ ಅಂತ ಕೂಗುವುದು, ಇಷ್ಟು ನನ್ನ ಡ್ಯೂಟಿ. ಬಾಯಿಗೆ ಮೊದಲಿಂದಲೂ ಅಭ್ಯಾಸ ಇದೆ, ಕಷ್ಟವೇನಿಲ್ಲ.

ಬಳಗದಲ್ಲಿ ನನಗೆ ಹತ್ತಿರದವನು ನಮ್ಮ ಡ್ರೈವರ್. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ, ಚಿಕ್ಕನಾಯಕನಹಳ್ಳಿ ಮೇಲೆ ತಿಪಟೂರು–ಹುಳಿಯಾರು ಓಡಾಡಿದವರು. ಅವನೂ ರಿಟೈರಾದ. ಆದ ತಿಂಗಳಿಗೇ ಸಕ್ಕರೆ ಕಾಯಿಲೆ ಅಂತ ತಿಳಿಯಿತು. ಡಾಕ್ಟರು ನಡೀರಿ ಅಂದರು. ‘ಜೀವಮಾನವೆಲ್ಲ ಕೂತ್ಕೊಂಡು ದುಡಿದೋನು ನಾನು. ಕೂತ್ಕೊಂಡೇ ಮಾಡೋ ವ್ಯಾಯಾಮ ಇದ್ರೆ ಹೇಳಿ’ ಅಂದ ಇವನು. ಅವರು ಸೈಕಲ್ ಅಂದರು. ಅಲ್ಲಿಂದ ಶುರು.

ಮೊದಮೊದಲು ಹತ್ತು ಕಿಲೋಮೀಟರಿಗೆ ಏದುಸಿರು ಬಿಡುತ್ತಿದ್ದವನಿಗೆ ಒಂದು ದಿನ ಬಳಗದವರು ಒಂದು ಸುದ್ದಿ ಹೇಳಿದರು. ಒಂದೇ ದಿನದಲ್ಲಿ, ಹದಿಮೂರೂವರೆ ಗಂಟೆಯೊಳಗೆ, ಇನ್ನೂರು ಕಿಲೋಮೀಟರ್ ತುಳಿದು ಮುಗಿಸಿದವರಿಗೆ ಪದಕ ಉಂಟಂತೆ. ಪದಕ ಅಂದದ್ದೇ ತಡ, ಇವನ ಕಣ್ಣು ದೊಡ್ಡದಾಯಿತು. ಅದಕ್ಕೆ ಕಾರಣ ನನಗೆ ಗೊತ್ತು. ಅಪಘಾತವಿಲ್ಲದೆ ಬಸ್ಸು ಓಡಿಸಿದವರಿಗೆ ಕೊಡುವ ಬೆಳ್ಳಿ ಪದಕದ ಪಟ್ಟಿಯಲ್ಲಿ ಒಂದು ವರ್ಷ ಇವನ ಹೆಸರೂ ಇತ್ತು. ಅದೇ ತಿಂಗಳು, ನಿಂತಿದ್ದ ನಮ್ಮ ಬಸ್ಸಿಗೆ ಒಂದು ಎಮ್ಮೆ ಬಂದು ಗುದ್ದಿತು. ಎಮ್ಮೆಗೆ ಏನೂ ಆಗಲಿಲ್ಲ, ಬಸ್ಸಿಗೂ ಏನೂ ಆಗಲಿಲ್ಲ, ಪದಕ ಹೋಯಿತು. ಆ ಸಂಕಟ ಅವನ ಹೊಟ್ಟೆಯೊಳಗೆ ಹಾಗೇ ಉಳಿದಿತ್ತು.

‘ಸಾಯೋದ್ರೊಳಗೆ ಒಂದು ಪದಕ ಗೋಡೆಗೆ ನೇತಾಕ್ಬೇಕು ಕಣ್ಲಾ’ ಅಂದ.

‘ನೇತಾಕು, ನಾನಿದ್ದೀನಿ’ ಅಂದೆ. ನಾನಿದ್ದದ್ದೇ ಅವನಿಗೆ ಎಮ್ಮೆಗಿಂತ ದೊಡ್ಡ ತೊಂದರೆಯಾಯಿತು.

ಬೀಗರ ಊರಿನ ದಾರಿ

ಸೈಕಲ್ಲಿಗೆಂದೇ ಹೊಲಿದ ಚಡ್ಡಿ ಇರುತ್ತದಲ್ಲ, ಕರೀದು, ತೊಡೆಗೆ ಅಂಟಿಕೊಳ್ಳುವಂಥದ್ದು, ಕೂರುವ ಜಾಗದಲ್ಲಿ ಮೆತ್ತೆ ಇಟ್ಟದ್ದು. ಬಳಗದವರೆಲ್ಲ ಒತ್ತಾಯ ಮಾಡಿ ನಮ್ಮ ಡ್ರೈವರಿಗೆ ಅದೊಂದನ್ನು ತೊಡಿಸಿದರು. ಖಾಕಿ ಪ್ಯಾಂಟು ಬಿಟ್ಟು ಬೇರೇನೂ ಗೊತ್ತಿಲ್ಲದ ಆಸಾಮಿ, ಮೊದಲ ದಿನ ಮನೆಯಿಂದ ಹೊರಬರಲು ಅರ್ಧ ಗಂಟೆ ತೆಗೆದುಕೊಂಡ.

ಅವತ್ತು ಹೊನ್ನವಳ್ಳಿ ಕಡೆ ಅಭ್ಯಾಸ. ಹೊನ್ನವಳ್ಳಿ ಅವನ ಮಗಳನ್ನು ಕೊಟ್ಟ ಊರು. ಬೀಗರ ಮನೆ ರಸ್ತೆ ಪಕ್ಕದಲ್ಲೇ. ಬೀಗರೋ, ಬೆಳಗಾದರೆ ಜಗಲಿ ಮೇಲೆ ಕೂತು ಯಾರು ಬಂದರು ಯಾರು ಹೋದರು ಅಂತ ಹಾಜರಿ ತೆಗೆದುಕೊಳ್ಳುವವರು. ಊರು ಹತ್ತಿರ ಬಂದಂತೆ ಇವನು ತಲೆ ತಗ್ಗಿಸಿ ಜೋರಾಗಿ ತುಳಿಯತೊಡಗಿದ. ನಾನು ಸುಮ್ಮನಿರಬೇಕಿತ್ತು. ಗೆಳೆಯ ವೇಗ ಹೆಚ್ಚಿಸಿದನಲ್ಲ ಅನ್ನುವ ಸಂತೋಷಕ್ಕೆ, ಹಿಂದಿನಿಂದ ಹಾರ್ನ್ ಒತ್ತಿ ಅವನ ಹೆಸರು ಹಿಡಿದು ಕೂಗಿಬಿಟ್ಟೆ.

ಜಗಲಿಯಿಂದ ಬೀಗರು ಎದ್ದರು. ಅವನು ಸೈಕಲ್ ಸಮೇತ ತೆಂಗಿನ ಮಟ್ಟೆ ರಾಶಿಯ ಹಿಂದೆ ನುಗ್ಗಿದ.

‘ಬೀಗರೇ, ಯಾಕ್ ಹಂಗೆ ನಿಂತ್ರಿ? ಬನ್ನಿ ಒಳಕ್ಕೆ’ ಅಂದರು ಅವರು, ರಾಶಿಯನ್ನು ಸುತ್ತಿ ಬಂದು. ಮೇಲಿಂದ ಕೆಳಗೆ ಒಮ್ಮೆ ನೋಡಿದರು. ದೊಡ್ಡ ಮನುಷ್ಯರು, ಏನೂ ಕೇಳಲಿಲ್ಲ. ಒಳಗೆ ತಿರುಗಿ, ‘ಒಂದು ಪಂಚೆ ತಗೊಂಬಾಮ್ಮ’ ಅಂದರು.

ಕಾಲಿಗೆ ನೀರು ಕೊಟ್ಟರು, ಪಂಚೆ ಕೊಟ್ಟರು, ರೊಟ್ಟಿ ಹುಚ್ಚೆಳ್ಳು ಚಟ್ನಿ ಕೊಟ್ಟರು. ಬೀಗರ ಮನೆಯಲ್ಲಿ ಉಣ್ಣದೆ ಏಳುವ ಹಾಗಿಲ್ಲ. ನಲವತ್ತು ಕಿಲೋಮೀಟರ್ ಅಭ್ಯಾಸ ಅಲ್ಲಿಗೇ ಮುಗಿಯಿತು. ಪಂಚೆ ಎತ್ತಿ ಕಟ್ಟಿಕೊಂಡು ತಿಪಟೂರಿಗೆ ವಾಪಸ್ ತುಳಿದ.

ಮಾರನೇ ದಿನ ಹೊನ್ನವಳ್ಳಿ ಬಸ್ಸಿನಲ್ಲಿ ಅವನ ಮನೆಗೆ ಒಂದು ಪ್ಯಾಂಟಿನ ಬಟ್ಟೆ ಬಂತು. ಜೊತೆಗೆ ಬೀಗಿತ್ತಿಯ ಫೋನು: ‘ಬೀಗರಿಗೆ ಹೇಳಿ, ಎರಡು ಕಾಲಿಗೂ ಪೂರ್ತಿ ಆಯ್ತದೆ. ಸಂಕೋಚ ಪಡೋದು ಬೇಡ.’

ಮೇಡಂ ಏನು ಕಳೆದುಕೊಂಡರು

ಪದಕದ ಹುಚ್ಚು ಒಬ್ಬರಿಗೆ ಹತ್ತಿದರೆ ಬಳಗಕ್ಕೆಲ್ಲ ಹತ್ತುತ್ತದೆ. ನಮ್ಮಲ್ಲಿ ಒಬ್ಬರು ಹೈಸ್ಕೂಲ್ ಮೇಡಂ ಇದ್ದಾರೆ, ವಿಜ್ಞಾನ ಹೇಳುವವರು. ಅವರು ಟ್ರಯಥ್ಲಾನ್‌ಗೆ ಹೆಸರು ಕೊಟ್ಟರು. ಮೊದಲು ಈಜಬೇಕು, ಎದ್ದ ಕೂಡಲೇ ಸೈಕಲ್ ಹತ್ತಬೇಕು, ಇಳಿದ ಕೂಡಲೇ ಓಡಬೇಕು. ‘ಕಳ್ರಿಗೂ ಇಷ್ಟು ಅವಸರ ಇರಲ್ಲ ಮೇಡಂ’ ಅಂದ ನಮ್ಮ ಡ್ರೈವರ್.

ಈಜಲು ಎಲ್ಲಿಗೆ ಹೋಗುವುದು? ತುರುವೇಕೆರೆ ಕಡೆ ನನಗೆ ಪರಿಚಯದವರ ಊರೊಂದರ ಮುಂದೆ ಒಳ್ಳೇ ಕಟ್ಟೆ ಇದೆ. ಆ ವರ್ಷ ತುಂಬಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದೆವು. ಮೇಡಂ ಮೈ ಮುಚ್ಚುವ ಈಜುಡುಗೆ, ಟೋಪಿ, ಕನ್ನಡಕ ಹಾಕಿಕೊಂಡು ನೀರಿಗಿಳಿದರು. ಆ ದಡಕ್ಕೆ ಹೋಗುವುದು, ಮುಟ್ಟುವುದು, ಈ ದಡಕ್ಕೆ ಬರುವುದು. ನಾನು ಏರಿಯ ಮೇಲೆ ನಿಂತು ಗಡಿಯಾರ ನೋಡುತ್ತ, ‘ಇನ್ನೊಂದು ಸುತ್ತು ಮೇಡಂ, ಬುಡಬೇಡಿ’ ಅಂತ ಕೂಗುತ್ತಿದ್ದೆ.

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ತೋಟದಿಂದ ನಾಲ್ಕು ಜನ ಬಂದರು. ಆಮೇಲೆ ಊರಿನಿಂದ ಹತ್ತು ಜನ. ಒಬ್ಬ ಯಜಮಾನರು ನನ್ನ ಪಕ್ಕ ಬಂದು ನಿಂತು ಒಂದೆರಡು ಸುತ್ತು ನೋಡಿದರು. ಮುಖ ಗಂಭೀರವಾಯಿತು.

‘ಏನಪ್ಪಾ ಕಳ್ಕೊಂಡಿರೋದು?’

‘ಏನೂ ಇಲ್ಲ ಯಜಮಾನ್ರೇ, ಸುಮ್ನೆ ಈಜ್ತಾವ್ರೆ.’

‘ಸುಮ್ನೆ ಈಜೋರು ಕನ್ನಡಕ ಹಾಕ್ಕೊಂಡು ತಲೆ ಮುಳುಗ್ಸಿ ತಳ ನೋಡ್ತಾರಾ? ಅದೇ ಜಾಗದಾಗೆ ಹತ್ತು ಸಲ?’ ನನ್ನನ್ನು ಸ್ವಲ್ಪ ಆಚೆ ಕರೆದರು. ‘ಹೋಗ್ಲಿ ಬುಡಪ್ಪ. ಚಿನ್ನ ಇವತ್ತು ಹೋಯ್ತದೆ, ನಾಳೆ ಬತ್ತದೆ. ಅದುಕ್ಕೆ ಹೆಂಡ್ತೀನ ಹಿಂಗೆ ನೀರಲ್ಲಿ ನಿಲ್ಸಿ ಗದರಿಸ್ಬಾರ್ದು.’

ನಾನು ಬಾಯಿ ತೆರೆಯುವಷ್ಟರಲ್ಲಿ ತಾಳಿ ಕಳೆದಿದೆ ಅನ್ನುವ ಸುದ್ದಿ ಏರಿಯ ಆ ತುದಿ ಮುಟ್ಟಿತ್ತು. ತಾಳಿ ಅಂದ ಮೇಲೆ ಯಾರು ಸುಮ್ಮನಿರುತ್ತಾರೆ? ಎಂಟು ಜನ ಅಂಗಿ ಬಿಚ್ಚಿ ನೀರಿಗೆ ಹಾರಿದರು. ಮೇಡಂ ತಲೆ ಎತ್ತಿ ನೋಡಿದರೆ ಸುತ್ತ ಗಂಡಸರು ಮುಳುಗುವುದು ಏಳುವುದು ಮಾಡುತ್ತಿದ್ದಾರೆ. ಅವರೂ ಏನೋ ಸ್ಪರ್ಧೆಗೆ ತಯಾರಾಗುತ್ತಿದ್ದಾರೆ ಅಂದುಕೊಂಡ ಮೇಡಂ, ‘ವೆರಿ ಗುಡ್, ಉಸಿರು ಹಿಡೀರಿ’ ಅಂತ ಹುರಿದುಂಬಿಸಿದರು.

ಒಂದು ಗಂಟೆಯಲ್ಲಿ ಕಟ್ಟೆಯಿಂದ ಒಂದು ಹಿತ್ತಾಳೆ ಚೊಂಬು, ಎರಡು ಕುಡುಗೋಲು, ಒಂದು ಒಂಟಿ ಕಾಲುಂಗುರ ಮೇಲೆ ಬಂದವು. ಎಲ್ಲದಕ್ಕೂ ಒಡೆಯರು ಅಲ್ಲೇ ಸಿಕ್ಕರು. ನಾವು ಹೊರಡುವಾಗ ಚೊಂಬು ಸಿಕ್ಕಿದ ಹೆಂಗಸು ಸ್ಕೂಟರಿನ ತನಕ ಬಂದು ಮೇಡಂ ಕೈ ಹಿಡಿದುಕೊಂಡಳು.

‘ಮುಂದಿನ ವಾರನೂ ಬನ್ರಮ್ಮ. ನಮ್ಮತ್ತೆ ಕಿವಿ ಬುಗುಡಿ ಇನ್ನೂ ಸಿಕ್ಕಿಲ್ಲ.’

ಮೊದಲನೇ ಸಲ

ಇನ್ನೂರು ಕಿಲೋಮೀಟರಿನ ದಿನ ಬಂತು. ಬೆಳಿಗ್ಗೆ ಆರಕ್ಕೆ ತಿಪಟೂರಿನಿಂದ ಹೊರಟು ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿ ಇನ್ನಷ್ಟು ಮುಂದೆ ಹೋಗಿ ಅದೇ ದಾರಿಯಲ್ಲಿ ವಾಪಸ್ಸು. ಆಮೇಲೆ ತುರುವೇಕೆರೆಗೆ ಹೋಗಿ ಮತ್ತೆ ತಿಪಟೂರು. ಸಂಜೆ ಏಳೂವರೆಗೆ ಬಾಗಿಲು ಬಂದ್. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಾರ್ಡು. ದಾರಿಯಲ್ಲಿ ಕೂತಿರುವ ಸಂಘಟಕರ ಹತ್ತಿರ ಅದಕ್ಕೆ ಹೊತ್ತು ಬರೆಸಿ ಸಹಿ ಹಾಕಿಸಿಕೊಳ್ಳುತ್ತಾ ಹೋಗಬೇಕು.

ಮೊದಲರ್ಧ ನಮ್ಮ ಹಳೇ ಬಸ್ ಮಾರ್ಗವೇ. ನಾನು ಹಿಂದಿನ ದಿನವೇ ದಾರಿಯ ಊರುಗಳಿಗೆಲ್ಲ ಫೋನ್ ಮಾಡಿದ್ದೆ. ‘ನಮ್ಮ ಡ್ರೈವರ್ ಬತ್ತಾನೆ, ಎಲ್ಲಾ ರಸ್ತೆಗೆ ಬಂದು ಕೈ ಎತ್ತಿ ಹುರಿದುಂಬಿಸಿ.’ ಜನಕ್ಕೂ ಅವನನ್ನು ಕಂಡರೆ ಪ್ರೀತಿ. ಊರೂರಲ್ಲೂ ಬಂದು ನಿಂತರು, ಕೈ ಎತ್ತಿದರು.

ಅವನು ನಿಲ್ಲಿಸಿದ.

ಮೊದಲನೇ ಸ್ಟಾಪಿನಲ್ಲಿ ಮರ್ಯಾದೆಗೆ ನಿಲ್ಲಿಸಿದ ಅಂದುಕೊಂಡೆ. ಎರಡನೇದರಲ್ಲೂ ನಿಂತ. ಮೂರನೇದರಲ್ಲಿ ಒಬ್ಬ ಮುದುಕ ನೊಣ ಓಡಿಸಲು ಕೈ ಎತ್ತಿದ, ಅಲ್ಲೂ ನಿಂತ. ಸ್ಕೂಟರ್ ನಿಲ್ಲಿಸಿ ‘ಯಾಕ್ಲಾ ನಿಲ್ಲಿಸ್ತೀಯಾ?’ ಅಂದರೆ ಅಳುವ ಧ್ವನಿಯಲ್ಲಿ ಹೇಳಿದ:

‘ನಾನೆಲ್ಲಿ ನಿಲ್ಲಿಸ್ತೀನೋ, ಕೈ ಕಂಡ ತಕ್ಷಣ ಅದೇ ಬ್ರೇಕ್ ಹಿಡಿಯುತ್ತೆ ಕಣೋ.’

ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ಎತ್ತಿದವರನ್ನು ಬಿಟ್ಟು ಹೋದ ಡ್ರೈವರ್ ಅಂತ ಅವನು ಯಾವತ್ತೂ ಅನ್ನಿಸಿಕೊಂಡವನಲ್ಲ. ನನಗೆ ಹೆಮ್ಮೆಯಾಯಿತು, ಹೊಟ್ಟೆಯೂ ಉರಿಯಿತು. ಮುಂದಿನ ಊರುಗಳಿಗೆ ಕೈ ಎತ್ತಬೇಡಿ ಅಂತ ಹೇಳೋಣವೆಂದರೆ ಎಲ್ಲರೂ ಫೋನ್ ಮನೆಯಲ್ಲಿಟ್ಟು ರಸ್ತೆಗೆ ಬಂದಿದ್ದರು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಒಬ್ಬ ಅಜ್ಜಿ ಕೈ ಎತ್ತಿದಳು. ಇವಳು ಹುರಿದುಂಬಿಸಲು ಬಂದವಳಲ್ಲ. ಹಿಂದೆ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದ ಹಾಗೆ, ಮುಚ್ಚಳ ಬಿಗಿದು ಬಟ್ಟೆ ಕಟ್ಟಿದ ಒಂದು ಪಾತ್ರೆಯನ್ನು ಹ್ಯಾಂಡಲಿಗೆ ನೇತುಹಾಕಿದಳು. ‘ಹುಳಿಯಾರ್ ಸ್ಟ್ಯಾಂಡಾಗೆ ನನ್ ಮಗ್ಳು ನಿಂತಿರ್ತಾಳೆ. ಬಸ್ಸಾರು ಅದೆ, ಚೆಲ್ಲಬ್ಯಾಡ.’

ಸಾರು ಚೆಲ್ಲದ ಹಾಗೆ ಹುಳಿಯಾರು ತಲುಪಲು ಬಹಳ ಹೊತ್ತು ಹಿಡಿಯಿತು. ಒಟ್ಟು ಲೆಕ್ಕದಲ್ಲಿ ಎರಡು ಗಂಟೆ ತಡವಾಗಿ, ಪದಕ ತಪ್ಪಿತು. ಅವನು ಅಷ್ಟೊಂದು ಕಷ್ಟಪಟ್ಟು ತಂದದ್ದಕ್ಕೆ ಅಜ್ಜಿಯ ಮಗಳು ಪಾತ್ರೆ ತೆರೆದು ನೋಡಿ ಹೇಳಿದ್ದು ಒಂದೇ ಮಾತು: ‘ಬಸ್ಸಲ್ಲಾದ್ರೆ ಬಿಸಿ ಬಿಸಿ ಬರ್ತಿತ್ತು.’

ಎರಡನೇ ಸಲ

ತಪ್ಪು ನನ್ನದೇ ಆದ್ದರಿಂದ ತಿದ್ದುವ ಜವಾಬ್ದಾರಿಯೂ ನನ್ನದೇ. ಎರಡನೇ ಸಲಕ್ಕೆ ಮತ್ತೆ ಊರೂರಿಗೆ ಫೋನ್ ಮಾಡಿದೆ. ಈ ಸಲ ಕಟ್ಟುನಿಟ್ಟು. ‘ಯಾರೂ ಕೈ ಎತ್ತಬಾರದು. ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಕೂಗಬಾರದು, ಮಾತಾಡಿಸಬಾರದು. ಏನಿದ್ದರೂ ಮನಸ್ಸಿನಲ್ಲೇ ಹುರಿದುಂಬಿಸಿ.’ ಇಷ್ಟು ಹೇಳಿ ಹುಳಿಯಾರಿನಿಂದ ಆಚೆ, ಸಹಿ ಹಾಕುವ ಜಾಗದಲ್ಲಿ ಬಾಳೆಹಣ್ಣು ಹಿಡಿದು ಅವನಿಗಾಗಿ ಕಾಯುತ್ತ ಕೂತೆ.

ಜನ ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಊರೂರಲ್ಲೂ ರಸ್ತೆ ಬದಿಯಲ್ಲಿ ಸಾಲಾಗಿ, ಕೈಕಟ್ಟಿ, ತಲೆ ತಗ್ಗಿಸಿ, ನಗು ತಡೆದು ಮುಖ ಬಿಗಿದು ನಿಂತರು. ಒಂದು ಊರಿನಲ್ಲಿ ಅಂಗಡಿಯವನು ನೋಡಲು ಹೊರಗೆ ಬರುವಾಗ ಶಟರನ್ನು ಅರ್ಧಕ್ಕೆ ಎಳೆದುಬಂದ.

ನಮ್ಮ ಡ್ರೈವರಿಗೆ ಇದು ಬೇರೆಯೇ ಥರ ಕಂಡಿತು. ಪರಿಚಯದ ಜನ, ಒಬ್ಬರೂ ಮಾತಾಡಿಸುತ್ತಿಲ್ಲ. ಅಂಗಡಿ ಅರ್ಧ ಮುಚ್ಚಿದೆ. ದಾರಿಯಲ್ಲಿರುವವನಿಗೆ ಸಾವಿನ ಸುದ್ದಿಯನ್ನು ಥಟ್ಟನೆ ಹೇಳುವುದಿಲ್ಲ ನಮ್ಮ ಕಡೆ; ಮನೆ ಸೇರಲಿ ಅಂತ ಸುಮ್ಮನಿರುತ್ತಾರೆ. ಹುಳಿಯಾರಿನಲ್ಲಿ ಇಳಿದು, ಒಬ್ಬ ಹಳೇ ಗೆಳೆಯನ ತೋಳು ಹಿಡಿದು ಕೇಳಿದ.

‘ಯಾರು ಹೋದ್ರು?’

ಆ ಗೆಳೆಯನಿಗೆ ಮಾತಾಡಬಾರದು ಅಂತ ನಾನು ಆಣೆ ಹಾಕಿಸಿದ್ದೆ. ಅವನು ನೆಲ ನೋಡಿದ. ಇವನ ಬೆನ್ನ ಮೇಲೆ ಎರಡು ಸಲ ತಟ್ಟಿದ. ಮುಂದೆ ಹೋಗು ಅಂತ ಕೈಸನ್ನೆ ಮಾಡಿದ.

ಇವನು ಹೆಂಡತಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಅಷ್ಟೇ. ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿ, ತಾನು ಓಡಿಸುತ್ತಿದ್ದ ಬಸ್ಸಿನಲ್ಲಿ ಪ್ರಯಾಣಿಕನಾಗಿ ಅತ್ತುಕೊಂಡು ತಿಪಟೂರಿಗೆ ಬಂದ. ಮನೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕುಸಿದು ಕೂತ.

ಆಕೆ ಪಕ್ಕದ ಮನೆಯ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದರು. ಅಳುವ ಸದ್ದು ಕೇಳಿ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಇಳಿದು ಬಂದರು. ಇವನು ಎದ್ದು ನಿಂತು, ಬೀದಿಯೆಲ್ಲ ನೋಡುತ್ತಿದ್ದಂತೆ ಹೆಂಡತಿಯ ಎರಡೂ ಕೈ ಹಿಡಿದುಕೊಂಡ. ಆಮೇಲೆ ನಿಧಾನವಾಗಿ ಗಡಿಯಾರ ನೋಡಿದ. ಗಂಟೆ ಹನ್ನೊಂದೂವರೆ. ಸೈಕಲ್ ಬಸ್ಸಿನಲ್ಲಿ ಬಂದಿದೆ. ಪದಕ ಮತ್ತೆ ಹೋಯಿತು. ಅವನ ಮುಖ ಜೋತುಬಿತ್ತು.

‘ಏನ್ರೀ ಇದು’ ಅಂದರು ಆಕೆ. ‘ನಾನು ಬದುಕಿರೋದು ನಿಮಗೆ ಅಷ್ಟೊಂದು ಬೇಜಾರಾಯ್ತಾ?’

ಮೂರನೇ ಸಲ, ಕಡೇ ಸಲ

ಅವನ ಹೆಂಡತಿ ಒಪ್ಪಿಗೆ ಕೊಟ್ಟದ್ದು ಇನ್ನೊಂದೇ ಸಲಕ್ಕೆ. ಆಗಲಿಲ್ಲವೆಂದರೆ ಸೈಕಲ್ ಹೊನ್ನವಳ್ಳಿ ಮೊಮ್ಮಗನಿಗೆ, ಇವರು ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವುದಕ್ಕೆ. ಅದರಲ್ಲಿ ಎರಡು ಮಾತಿಲ್ಲ ಅಂತ ನನ್ನನ್ನೂ ಸೇರಿಸಿಯೇ ಹೇಳಿದರು.

ಒಂದು ವಾರ ನನಗೆ ನಿದ್ದೆ ಬರಲಿಲ್ಲ. ಕೈ ಎತ್ತಿದರೆ ನಿಲ್ಲುತ್ತಾನೆ, ಎತ್ತದಿದ್ದರೆ ಅಳುತ್ತಾನೆ. ಕಡೆಗೆ ಹೊಳೆಯಿತು. ಬಸ್ಸನ್ನು ನಿಲ್ಲಿಸುವುದು ಪ್ರಯಾಣಿಕನ ಕೈ ಇರಬಹುದು, ಹೊರಡಿಸುವುದು ಕಂಡಕ್ಟರನ ಬಾಯಿ. ನಾನು ‘ರೈಟ್’ ಅಂದ ಮೇಲೂ ನಿಂತಿದ್ದ ಡ್ರೈವರ್ ಅಲ್ಲ ಅವನು. ಅವನ ಮನೆ ಬೀದಿಯಲ್ಲೇ ಪರೀಕ್ಷೆ ಮಾಡಿದೆ. ಕೈ ಎತ್ತಿದೆ, ಬ್ರೇಕ್ ಹಿಡಿದ. ‘ರೈಟ್ ರೈಟ್’ ಅಂದೆ, ಕಾಲು ನೆಲಕ್ಕೆ ತಾಗುವ ಮುಂಚೆಯೇ ಮತ್ತೆ ತುಳಿದ. ಮೊದಲಿಗಿಂತ ಜೋರಾಗಿ.

ಮೂರನೇ ಸುತ್ತಿನ ಫೋನು. ‘ಮನಸ್ಸು ತುಂಬ ಕೈ ಎತ್ತಿ. ಎತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ರೈಟ್ ರೈಟ್ ಅನ್ನಿ.’

ಅವತ್ತಿನ ದಿನವನ್ನು ನಾನು ಮರೆಯುವ ಹಾಗಿಲ್ಲ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು ಹತ್ತಿರದ ಕೆಂಕೆರೆಯವರೆಗೆ ಊರಿಗೂರೇ ಕಂಡಕ್ಟರ್ ಆಗಿತ್ತು. ಶಾಲೆ ಮಕ್ಕಳು ರೈಟ್, ಕೊಬ್ಬರಿ ಸುಲಿಯುವವರು ರೈಟ್, ಬಸ್ಸಾರಿನ ಅಜ್ಜಿಯೂ ರೈಟ್. ನನ್ನ ಜೀವಮಾನದ ಕೂಗನ್ನು ಇಷ್ಟೊಂದು ಬಾಯಲ್ಲಿ ಕೇಳಿ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ಅವನು ಅರ್ಧ ಗಂಟೆ ಮುಂದಿದ್ದ.

ತುರುವೇಕೆರೆಯಿಂದ ವಾಪಸ್ ಬರುವಾಗ ಕೆಟ್ಟಿತು. ಎದುರುಗಾಳಿ. ಮೀನಖಂಡ ಹಿಡಿದುಕೊಂಡಿತು. ಜೊತೆಗೇ ತುಳಿಯುತ್ತಿದ್ದ ಮೇಡಂ ಎರಡು ಸಲ ಇಳಿಸಿ ಕಾಲು ಉಜ್ಜಿಸಿದರಂತೆ. ಅರ್ಧ ಗಂಟೆಯ ಮುನ್ನಡೆ ಅಲ್ಲೇ ಕರಗಿತು. ನಾನು ಮೊದಲೇ ಬಂದು ಕಾಯುತ್ತಿದ್ದ ಕಡೇ ಸಹಿಯ ಮೇಜು ಇದ್ದದ್ದು ತಿಪಟೂರು ಬಸ್ ಸ್ಟ್ಯಾಂಡಿಗೆ ಸ್ವಲ್ಪ ಈಚೆ, ಒಂದು ಹೋಟೆಲಿನ ಮುಂದೆ. ಏಳು ಹತ್ತಾಯಿತು, ಹದಿನೈದಾಯಿತು. ಅವನ ಹೆಂಡತಿ ಸೆರಗಿನ ತುದಿ ಸುತ್ತುತ್ತ ನಿಂತಿದ್ದರು. ಹೊನ್ನವಳ್ಳಿ ಬೀಗರು ಬಂದಿದ್ದರು.

ಏಳು ಇಪ್ಪತ್ತೆರಡಕ್ಕೆ ತಿರುವಿನಲ್ಲಿ ಅವನ ಸೈಕಲ್ ಕಂಡಿತು. ಕಣ್ಣು ಅರ್ಧ ಮುಚ್ಚಿದೆ, ತಲೆ ಹ್ಯಾಂಡಲಿನ ಮೇಲಿದೆ, ಕಾಲು ಮಾತ್ರ ತಿರುಗುತ್ತಿದೆ. ನಮಗೆ ಜೀವ ಬಂದ ಹಾಗಾಯಿತು. ಬಳಗ, ಬೀಗರು, ಹೋಟೆಲಿನ ಗಿರಾಕಿಗಳು, ಎಲ್ಲರೂ ಕೈ ಎತ್ತಿ ಕುಣಿಯುತ್ತ ‘ರೈಟ್ ರೈಟ್’ ಅಂತ ಕೂಗಿದೆವು. ಎಲ್ಲರಿಗಿಂತ ಜೋರಾಗಿ ನಾನು.

ಅವನು ಮೇಜಿನ ಮುಂದೆ ಹಾದು, ನಮ್ಮೆಲ್ಲರ ಮುಂದೆ ಹಾದು, ಹೊರಟೇಹೋದ.

ತಪ್ಪೇನು ಅವನದು? ಇಷ್ಟು ಜನ ಹೋಗು ಅಂದ ಮೇಲೆ ನಿಲ್ಲುವುದು ಹೇಗೆ. ‘ಹೋಲ್ಡಾನ್’ ಅಂತ ಕಿರುಚಿದೆ. ನನ್ನ ಕೂಗು ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ. ಸಹಿ ಹಾಕಬೇಕಾಗಿದ್ದ ಬೆಂಗಳೂರಿನ ಹುಡುಗಿ ಪೆನ್ನು ಹಿಡಿದುಕೊಂಡೇ ಅವನ ಹಿಂದೆ ಓಡಿದಳು. ಮೊಣಕಾಲನ್ನು ಮರೆತು ನಾನೂ ಓಡಿದೆ.

ಅವನು ಎಲ್ಲಿಗೆ ಹೋಗಿದ್ದ ಅಂತ ಹುಡುಕಬೇಕಾಗಿರಲಿಲ್ಲ. ನೇರ ಬಸ್ ಸ್ಟ್ಯಾಂಡ್. ಹುಳಿಯಾರು ಬಸ್ಸು ನಿಲ್ಲುವ ಪ್ಲಾಟ್‌ಫಾರಂನಲ್ಲಿ ಸೈಕಲನ್ನು ಓರೆಯಿಲ್ಲದ ಹಾಗೆ ನಿಲ್ಲಿಸಿ, ಬಸ್ಸು ಬಂದ ಹೊತ್ತನ್ನು ಬರೆಯುವ ಕಂಟ್ರೋಲರ್ ಕಿಟಕಿಗೆ ಹೋಗಿ ಕಾರ್ಡು ಒಳಗೆ ಕೊಟ್ಟಿದ್ದ. ಅಲ್ಲಿ ಕೂತಿದ್ದವರು ನಮ್ಮ ಕಾಲದ ಕಂಟ್ರೋಲರೇ. ಅವರೂ ಅಭ್ಯಾಸಬಲದಿಂದ ಗಡಿಯಾರ ನೋಡಿ ಏಳು ಇಪ್ಪತ್ತಾರು ಅಂತ ಬರೆದು, ಸಹಿ ಹಾಕಿ, ಮೊಹರು ಗುದ್ದಿ ಮುಗಿಸಿದ್ದರು.

ಹುಡುಗಿ ಏದುಸಿರು ಬಿಡುತ್ತ ಕಾರ್ಡು ತೆಗೆದುಕೊಂಡು ನೋಡಿದಳು. ‘ಇವರು ನನ್ನ ಮೇಜು ದಾಟುವಾಗ ನಂಬರ್, ಟೈಮ್ ಎರಡೂ ಬರ್ಕೊಂಡಿದ್ದೀನಿ ಸರ್. ಮುಗಿಸಿದ್ದಾರೆ’ ಅಂದಳು. ಮೊಹರಿನ ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ತನ್ನ ಸಹಿ ಹಾಕಿದಳು.

ನಮ್ಮ ಡ್ರೈವರ್ ಪ್ಲಾಟ್‌ಫಾರಂ ಮೇಲೆ ಕೂತು ಮಗುವಿನ ಹಾಗೆ ಅತ್ತ. ಹೆಂಡತಿ ಬಂದು ಪಕ್ಕದಲ್ಲೇ ಕೂತರು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಈ ಗಲಾಟೆ ಏನು ಅಂತ ಕಿಟಕಿಯಿಂದ ತಲೆ ಹಾಕಿದ ಕಂಟ್ರೋಲರಿಗೆ ಎಲ್ಲ ವಿವರಿಸಿದೆ. ಹೀಗೆ ಹೀಗೆ, ಏಳೂವರೆಯೊಳಗೆ ಬರಬೇಕಿತ್ತು, ಬಂದಿದ್ದಾನೆ, ಪದಕ ಸಿಕ್ಕಿದೆ.

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನೂ ಸೈಕಲನ್ನೂ ಒಂದು ಸಲ ನೋಡಿದರು.

‘ಇಪ್ಪತ್ತೆರಡು ವರ್ಷ ಇಂಜಿನ್ ಕೊಟ್ಟಿದ್ವಿ, ಒಂದು ದಿನ ಟೈಮಿಗೆ ಬರಲಿಲ್ಲ ಇವನು. ತುಳ್ಕೊಂಡು ಬಂದ್ರೆ ನಾಲ್ಕು ನಿಮಿಷ ಮುಂಚೆ ಬಂದವ್ನೆ. ಮೊದಲೇ ಗೊತ್ತಿದ್ರೆ ಬಸ್ಸಿಗೇ ಪೆಡಲ್ ಹಾಕಿಸಿಬುಡ್ತಿದ್ವಲ್ಲಪ್ಪ.’